ಗಣಕ ಕಟ್ಟೆರೋಗ ಮೀಮಾಂಸೆ

ವಿಂಡೋಸ್ ಎಕ್ಸ್‌ಪಿ ಎಂಬ ಸಾರ್ವಭೌಮನು ಭೂಮಂಡಲವನ್ನು ಆಳುತ್ತಿದ್ದ ಕಾಲದಲ್ಲಿ, ಕಾವೇರಿ ಹುಟ್ಟುವ ಕೊಡಗುಸೀಮೆಯ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳೆಂಬ ಮೂರೂ ತಾಲ್ಲೂಕುಗಳ ಡಿಟಿಪಿ ಅಂಗಡಿಗಳನ್ನು ಒಂದು ವ್ಯಾಧಿ ಹಿಡಿದಿತ್ತೆಂಬುದು ನಿರ್ವಿವಾದ. ತನ್ನನ್ನು ಕೊಲ್ಲಬಂದ ಆಂಟಿವೈರಸ್ಸನ್ನೇ ಮೊದಲು ಮಲಗಿಸಿ, ಆಮೇಲೆ ತನ್ನ ಸಂಸಾರ ಹೂಡುವ ವ್ಯಾಧಿ ಅದು. ಇದರ ಲಕ್ಷಣ, ನಿದಾನ, ಚಿಕಿತ್ಸೆಗಳ ವಿಚಾರದಲ್ಲಿ ನಮ್ಮ ವಿದ್ವಾಂಸರು ಮೌನವಾಗಿರುವುದು ವಿಷಾದನೀಯ. ಅವರ ಕಂಪ್ಯೂಟರುಗಳೂ ಅದೇ ಕಾರಣಕ್ಕೆ ರಿಪೇರಿಗೆ ಹೋಗಿದ್ದವೆಂದು ಊಹಿಸಲು ಆಧಾರವಿದೆ.

ಮೊದಲು ಲಕ್ಷಣ. ಪರದೆಯ ಬಲ ಕೆಳಮೂಲೆಯಲ್ಲಿ, ಗಡಿಯಾರದ ಪಕ್ಕ ಕೂತಿರಬೇಕಾದ ಆಂಟಿವೈರಸ್ಸಿನ ಚಿಹ್ನೆ ಕಾಣೆಯಾಗಿರುತ್ತದೆ. ಡೆಸ್ಕ್‌ಟಾಪಿನಲ್ಲಿ ಹುಡುಕಿ ಡಬಲ್ ಕ್ಲಿಕ್ ಮಾಡಿದರೆ ಮರಳುಗಡಿಯಾರ ಕ್ಷಣಕಾಲ ದರ್ಶನ ಕೊಟ್ಟು ಮಾಯವಾಗುತ್ತದೆ. ಅನುಮಾನ ಬಂದು ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿದರೆ, ಟಾಸ್ಕ್ ಮ್ಯಾನೇಜರನ್ನು ನಿಮ್ಮ ಅಡ್ಮಿನಿಸ್ಟ್ರೇಟರು ಬಂದ್ ಮಾಡಿದ್ದಾರೆ ಎಂಬ ವಿನಯಪೂರ್ವಕ ಪ್ರಕಟಣೆ ಹೊರಡುತ್ತದೆ. ಈ ಅಡ್ಮಿನಿಸ್ಟ್ರೇಟರ್ ಯಾರೆಂಬುದು ಶಾಸ್ತ್ರದ ಮೊದಲ ಪ್ರಶ್ನೆ. ದಾಖಲೆಯ ಪ್ರಕಾರ ಅಂಗಡಿಯ ಮಾಲೀಕರೇ. ಅವರನ್ನು ಕೇಳಿದರೆ "ಅಯ್ಯೋ, ನಾನು ಏನೂ ಮುಟ್ಟಿಲ್ಲ ಮಾರಾಯ್ರೇ" ಎನ್ನುತ್ತಾರೆ. ಎರಡೂ ಹೇಳಿಕೆಗಳು ಪ್ರಾಮಾಣಿಕವೇ.

ಇನ್ನು ಪೂರ್ವಾಚಾರ್ಯರು. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು ‘ಬ್ರೇನ್’ ಎಂಬ ವೈರಸ್ ಬರೆದು, ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಸೇರಿಸಿದ್ದರು. ಅಷ್ಟು ಮರ್ಯಾದಸ್ಥರು ಆ ಕ್ಷೇತ್ರದಲ್ಲಿ ಮತ್ತೆ ಹುಟ್ಟಲಿಲ್ಲ. 1987ರಲ್ಲಿ ಅಮೆರಿಕದ ಫ್ರೆಡ್ ಕೋಹೆನ್ ಎಂಬ ಪಂಡಿತರು ಎಲ್ಲ ವೈರಸ್ಸುಗಳನ್ನೂ ತಪ್ಪಿಲ್ಲದೆ ಗುರುತಿಸಬಲ್ಲ ಸೂತ್ರ ಯಾವುದೂ ಇರಲಾರದೆಂದು ಗಣಿತದಿಂದಲೇ ಸಾಧಿಸಿದರು. ಇದೇ ಪ್ರಮೇಯವನ್ನು ನಮ್ಮ ಅಂಗಡಿಗಳವರು ‘ಗ್ಯಾರಂಟಿ ಇಲ್ಲ’ ಎಂಬ ಎರಡೇ ಶಬ್ದಗಳಲ್ಲಿ ರಶೀದಿಯ ಅಡಿಯಲ್ಲಿ ಅಚ್ಚು ಹಾಕಿಸಿದ್ದಾರೆ.

ನಿದಾನದ ವಿಚಾರಕ್ಕೆ ಬಂದರೆ ಕೊಡಗಿನ ಕೃಷಿಕನಿಗೆ ಯಾರೂ ಪಾಠ ಹೇಳಬೇಕಿಲ್ಲ. ಕಂಪ್ಯೂಟರ್ ಹುಟ್ಟುವ ಮುಂಚೆಯೇ ಆತ ತನ್ನ ಏಲಕ್ಕಿ ತೋಟದಲ್ಲಿ ವೈರಸ್ಸನ್ನು ಕಂಡಿದ್ದಾನೆ. ಅದನ್ನು ಕಟ್ಟೆರೋಗ ಎನ್ನುತ್ತಾನೆ. ಎಳೆಯ ಎಲೆಯ ಮೇಲೆ ಮೊದಲು ತಿಳಿಹಸುರು ಗೆರೆಗಳು ಮೂಡುತ್ತವೆ, ಆಮೇಲೆ ಬುಡವೇ ಕುಗ್ಗುತ್ತ ಹೋಗುತ್ತದೆ. ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಒಂದು ಸಣ್ಣ ಸಸ್ಯಹೇನು. ರಸ ಹೀರಿ ಪಕ್ಕದ ಗಿಡಕ್ಕೆ ಹೋಗುವ ಆ ಹೇನಿಗೆ ಮಾತ್ರ ಏನೂ ಆಗುವುದಿಲ್ಲ. ಈಗ ಸಸ್ಯಹೇನಿನ ಜಾಗದಲ್ಲಿ ಪೆನ್‌ಡ್ರೈವ್ ಎಂದು ಇಟ್ಟು ಓದಿಕೊಳ್ಳತಕ್ಕದ್ದು. ಅದರ ಹೊಟ್ಟೆಯಲ್ಲಿ ಆಟೋರನ್ ಡಾಟ್ ಐಎನ್‌ಎಫ್ ಎಂಬ ಪುಟ್ಟ ಚೀಟಿಯಿರುತ್ತದೆ. ಡ್ರೈವ್ ತೆರೆದ ಕೂಡಲೇ ಯಾವ ಪ್ರೋಗ್ರಾಂ ಓಡಬೇಕೆಂದು ಆ ಚೀಟಿ ಹೇಳುತ್ತದೆ, ಎಕ್ಸ್‌ಪಿ ಮಹಾರಾಜರು ಮರುಮಾತಿಲ್ಲದೆ ಪಾಲಿಸುತ್ತಾರೆ.

ಕಟ್ಟೆರೋಗ ತಗುಲಿದ ಗಿಡಕ್ಕೆ ಮದ್ದಿಲ್ಲ. ಬುಡ ಸಮೇತ ಕಿತ್ತು ನಾಶ ಮಾಡುವುದೊಂದೇ ದಾರಿ. ಮಡಿಕೇರಿ ಬಳಿಯ ಅಪ್ಪಂಗಳದ ಸಂಶೋಧನಾ ಕೇಂದ್ರದಿಂದ ರೋಗ ತಡೆಯುವ ‘ವಿಜೇತ’ ತಳಿ ಬಂತೆನ್ನುವುದು ಬೇರೆ ಮಾತು. ಡಿಟಿಪಿ ಅಂಗಡಿಗಳಿಗೆ ಅಂಥ ತಳಿ ಯಾವ ಕೇಂದ್ರದಿಂದಲೂ ಬರಲಿಲ್ಲವಾದ್ದರಿಂದ ಚಿಕಿತ್ಸಾ ಪಂಥಗಳು ಹುಟ್ಟಿಕೊಂಡವು.

ಮರುನಾಮವಾದಿಗಳ ಪಕ್ಷ ಹೀಗಿದೆ. ವೈರಸ್ಸು ವಿಂಡೋಸಿನ ರಿಜಿಸ್ಟ್ರಿಯಲ್ಲಿ (ಸಬ್ ರಿಜಿಸ್ಟ್ರಾರ್ ಕಚೇರಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ತಿದ್ದುಪಡಿಯ ಕಷ್ಟ ಒಂದೇ) ಪ್ರಸಿದ್ಧ ಆಂಟಿವೈರಸ್ಸುಗಳ ಹೆಸರನ್ನೆಲ್ಲ ಬರೆದಿಟ್ಟು, ಇವರನ್ನು ಕರೆದರೆ ಬೇರೆಯವರನ್ನು ಕಳಿಸು ಎಂದು ಷರಾ ಹಾಕಿರುತ್ತದೆ. ಆದ್ದರಿಂದ ಆ ಫೈಲಿನ ಹೆಸರನ್ನೇ ಬದಲಿಸಿ ‘ಅಜ್ಜಿ ಡಾಟ್ ಇಎಕ್ಸ್‌ಇ’ ಎಂದಿಟ್ಟರೆ ಅದು ನಿರಾತಂಕವಾಗಿ ಓಡುತ್ತದೆ. ಇದು ಕೆಲಸ ಮಾಡುತ್ತದೆ ಎಂಬುದೇ ಶಾಸ್ತ್ರಜ್ಞರಿಗೆ ಮುಜುಗರ. ಬರೀ ಹೆಸರು ನೋಡಿ ತಡೆಯುವ ವೈರಸ್ಸಿನ ಮುಂದೆ ಅಜ್ಜಿ ಗೆಲ್ಲುತ್ತಾಳೆ. ಹೆಸರಿಗೆ ಮರುಳಾಗದ ವೈರಸ್ಸಿನ ಮುಂದೆ ಅವಳ ಆಟ ನಡೆಯದು.

ಸೇಫ್ ಮೋಡ್ ಪಂಥದವರು ಇದಕ್ಕಿಂತ ಆಸ್ತಿಕರು. ಎಫ್8 ಕೀಲಿಯನ್ನು ಸರಿಯಾದ ಮುಹೂರ್ತದಲ್ಲಿ ಒತ್ತಿದರೆ ವಿಂಡೋಸು ಅಲಂಕಾರವಿಲ್ಲದೆ ಏಳುತ್ತದೆ, ವೈರಸ್ಸು ಏಳುವುದಿಲ್ಲ, ಆಗ ಹಿಡಿಯಿರಿ ಎನ್ನುತ್ತಾರೆ. 2003ರಲ್ಲಿ ಕಾಣಿಸಿಕೊಂಡ ಸ್ಯಾಲಿಟಿ ಎಂಬ ವೈರಸ್ಸಿನ ವಂಶಜರು ಈ ಗ್ರಂಥವನ್ನು ಓದಿಕೊಂಡಿದ್ದರು. ಸೇಫ್ ಮೋಡಿಗೆ ಬೇಕಾದ ರಿಜಿಸ್ಟ್ರಿ ಕೀಗಳನ್ನೇ ಅಳಿಸಿಹಾಕುತ್ತಿದ್ದರಿಂದ ಎಫ್8 ಒತ್ತಿದವನಿಗೆ ನೀಲಿ ಪರದೆಯ ದರ್ಶನವಾಗುತ್ತಿತ್ತು.

ಇಂಟರ್ನೆಟ್ಟಿನಲ್ಲಿ ಮದ್ದು ಹುಡುಕೋಣವೆಂದವರನ್ನು 2008ರ ನವೆಂಬರಿನಲ್ಲಿ ಹೊರಬಿದ್ದ ಕಾನ್‌ಫಿಕರ್ ಎಂಬ ಪೀಡೆ ಕಾದು ಕೂತಿತ್ತು. ಮೈಕ್ರೋಸಾಫ್ಟ್, ನಾರ್ಟನ್, ಕ್ಯಾಸ್ಪರ್‌ಸ್ಕಿ ಇತ್ಯಾದಿ ನಾಮಗಳಿದ್ದ ಯಾವ ತಾಣವನ್ನೂ ಅದು ತೆರೆಯಗೊಡುತ್ತಿರಲಿಲ್ಲ. ಕ್ರಿಕೆಟ್ ಸ್ಕೋರು ಮಾತ್ರ ಸಲೀಸಾಗಿ ಬರುತ್ತಿತ್ತಾದ್ದರಿಂದ ಕಂಪ್ಯೂಟರ್ ಆರೋಗ್ಯವಾಗಿದೆಯೆಂದೇ ಎಲ್ಲರ ಅಭಿಪ್ರಾಯ. ಅದು ನುಗ್ಗಿದ ಕಿಂಡಿಗೆ ಮೈಕ್ರೋಸಾಫ್ಟ್ ಅಕ್ಟೋಬರಿನಲ್ಲೇ ತೇಪೆ ಬಿಟ್ಟಿತ್ತು. ಆದರೆ ನಮ್ಮಲ್ಲಿ ಎಕ್ಸ್‌ಪಿಯ ಕಳ್ಳಪ್ರತಿ ಇಟ್ಟುಕೊಂಡವರು ತಮ್ಮ ಗುಟ್ಟು ರಟ್ಟಾದೀತೆಂದು ಅಪ್‌ಡೇಟನ್ನು ಬಂದ್ ಮಾಡಿ ನೆಮ್ಮದಿಯಾಗಿದ್ದರು. 2009ರ ಫೆಬ್ರವರಿಯಲ್ಲಿ ಕಾನ್‌ಫಿಕರ್ ಕರ್ತೃವಿನ ಸುಳಿವು ಕೊಟ್ಟವರಿಗೆ ಎರಡೂವರೆ ಲಕ್ಷ ಡಾಲರ್ ಬಹುಮಾನ ಘೋಷಣೆಯಾಯಿತು. ಬಹುಮಾನ ಕೊಡಗಿಗೆ ಬರಲಿಲ್ಲ. ವೈರಸ್ಸಿಗೆ ಆ ತೊಂದರೆಯಿರಲಿಲ್ಲ.

ಬಲಿಷ್ಠ ಪಂಥವೆಂದರೆ ಫಾರ್ಮ್ಯಾಟ್‌ವಾದಿಗಳದು. "ಸಾರ್, ಫಾರ್ಮ್ಯಾಟ್ ಹೊಡೀಬೇಕು" ಎಂಬ ಒಂದೇ ಮಹಾವಾಕ್ಯ ಇವರ ಸಮಸ್ತ ದರ್ಶನ. ಕಟ್ಟೆರೋಗದ ನ್ಯಾಯಕ್ಕೆ ಇದು ಅತಿ ಹತ್ತಿರದ್ದು, ಎಡವಿದ್ದೂ ಅಲ್ಲೇ. ಹೊಡೆಯುವುದು ಸಿ ಡ್ರೈವ್ ಮಾತ್ರ. ಡಿ ಡ್ರೈವಿನಲ್ಲಿ ಊರವರ ಮದುವೆ ಕಾಗದ, ಸಹಕಾರ ಸಂಘದ ವರದಿ, ಮಗಳ ಹುಟ್ಟುಹಬ್ಬದ ಫೋಟೋ ಇರುವುದರಿಂದ ಅದನ್ನು ಮುಟ್ಟಕೂಡದು. ಹೊಸ ಎಕ್ಸ್‌ಪಿ ಬಂದು, ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳನ್ನೆಲ್ಲ ಹಾಕಿ, ಮುನ್ನೂರು ರೂಪಾಯಿ ಎಣಿಸಿಕೊಟ್ಟ ಮೇಲೆ ಗಿರಾಕಿ ಸಂತೋಷದಿಂದ ಡಿ ಡ್ರೈವನ್ನು ಡಬಲ್ ಕ್ಲಿಕ್ ಮಾಡುತ್ತಾನೆ. ಅಲ್ಲಿಯ ಬುಡದಲ್ಲಿ ಉಳಿದಿದ್ದ ಕಂದು ಚಿಗುರುತ್ತದೆ. ಗಡಿಯಾರದ ಪಕ್ಕದ ಚಿಹ್ನೆ ಮತ್ತೆ ಕಾಣೆ.

ಸಿದ್ಧಾಂತ ಪಕ್ಷವನ್ನು ಈಗ ಹೇಳಬಹುದು. ವೈರಸ್ಸೂ ಒಂದು ಫೈಲೇ, ಓಡಿಸಿದರಷ್ಟೇ ಓಡುತ್ತದೆ. ಪೀಡಿತ ವಿಂಡೋಸನ್ನು ಎಬ್ಬಿಸಿ ಅದರ ಬಾಯಿಂದಲೇ ಅದರ ಆರೋಗ್ಯ ವಿಚಾರಿಸಿದ್ದು ಹಿಂದಿನ ಮತಗಳ ಸಾಮಾನ್ಯ ದೋಷ. ಆಂಟಿವೈರಸ್ ಕಂಪನಿಗಳು ಪುಕ್ಕಟೆ ಕೊಡುವ, ಲಿನಕ್ಸ್ ಆಧಾರಿತ ರೆಸ್ಕ್ಯೂ ಸಿಡಿಯನ್ನು ಬೇರೊಂದು ಶುದ್ಧ ಕಂಪ್ಯೂಟರಿನಲ್ಲಿ ಬರೆದು, ಬಯಾಸಿನಲ್ಲಿ ಸಿಡಿಗೆ ಮೊದಲ ಮಣೆ ಹಾಕಿ ಬೂಟ್ ಮಾಡಿದರೆ ವಿಂಡೋಸು ಏಳುವುದೇ ಇಲ್ಲ; ಸಿ, ಡಿ ಎರಡೂ ಡ್ರೈವುಗಳು ಅಂಗಾತ ಬಿದ್ದಿರುತ್ತವೆ. ತಡೆಯುವವರಿಲ್ಲದೆ ಸ್ಕ್ಯಾನ್ ನಡೆಯುತ್ತದೆ. ಶಾಸ್ತ್ರತಃ ಇದಕ್ಕೆ ಖಂಡನೆಯಿಲ್ಲ. ವ್ಯವಹಾರದಲ್ಲಿ ಎರಡು ಆಕ್ಷೇಪಗಳಿವೆ: ಶುದ್ಧ ಕಂಪ್ಯೂಟರ್ ಎಲ್ಲಿದೆ? ಮತ್ತು, ಕರೆಂಟ್ ಎಲ್ಲಿದೆ?

ಎರಡನೆಯದು ಕಾಲನಿರ್ಣಯಕ್ಕೆ ಸಂಬಂಧಿಸಿದ್ದು. ಪೂರ್ಣ ಸ್ಕ್ಯಾನಿಗೆ ಗಂಟೆಗಟ್ಟಲೆ ಬೇಕು. ಕಕ್ಕಡ ಮಾಸದಲ್ಲಿ ಕೊಡವರ ಮನೆಗಳಲ್ಲಿ ಮದುವೆ ನಡೆಯದು, ಕಾಗದ ಅಚ್ಚು ಹಾಕಿಸುವವರಿಲ್ಲ, ಅಂಗಡಿ ಖಾಲಿ, ಪೆನ್‌ಡ್ರೈವ್ ಸಂಚಾರ ಕನಿಷ್ಠ. ಚಿಕಿತ್ಸೆಗೆ ಇದಕ್ಕಿಂತ ಪ್ರಶಸ್ತ ಕಾಲವಿಲ್ಲ, ಜುಲೈ-ಆಗಸ್ಟಿನ ಮಳೆಗೆ ಲೈನಿನ ಮೇಲೆ ಮರ ಬಿದ್ದು ಸ್ಕ್ಯಾನು ಅರ್ಧಕ್ಕೇ ನಿಲ್ಲುತ್ತದೆ ಎಂಬುದೊಂದನ್ನು ಬಿಟ್ಟರೆ. ಬೇಸಿಗೆಯಲ್ಲಿ ಕರೆಂಟ್ ಇರುತ್ತದೆ, ಮದುವೆಗಳೂ ಇರುತ್ತವೆ. ಕಕ್ಕಡ 18ರಂದು ಮದ್ದುಸೊಪ್ಪಿನ ಪಾಯಸ ಉಂಡ ಮನುಷ್ಯನಿಗೆ ರಕ್ಷೆಯುಂಟು. ಅವನ ಜೇಬಿನಲ್ಲಿರುವ ಪೆನ್‌ಡ್ರೈವಿಗೂ ಅದು ಅನ್ವಯಿಸುತ್ತದೆಯೇ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟದ್ದು.

ಯುಎಸ್‌ಬಿಯ ಆಟೋರನ್ನನ್ನು ಮೈಕ್ರೋಸಾಫ್ಟ್ ಎಕ್ಸ್‌ಪಿಯಲ್ಲೂ ನಿಲ್ಲಿಸಲು ಅಪ್‌ಡೇಟ್ ಮೂಲಕ ಹೊರಟದ್ದು 2011ರ ಫೆಬ್ರವರಿಯಲ್ಲಿ. ಅಪ್‌ಡೇಟ್ ಬಂದ್ ಮಾಡಿದವರ ಮಾತು ಮೇಲೆ ಬಂದಿದೆ. ಆವರೆಗೆ, ಆಮೇಲೂ, ಕಸುಬುದಾರರು ಆಶ್ರಯಿಸಿದ್ದು ಒಂದು ಹಸ್ತಮುದ್ರೆಯನ್ನು. ಎಡಗೈಯಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದು ಬಲಗೈಯಲ್ಲಿ ಪೆನ್‌ಡ್ರೈವ್ ಚುಚ್ಚಬೇಕು. ಡಬಲ್ ಕ್ಲಿಕ್ ಮಾಡದೆ, ಅಡ್ರೆಸ್ ಬಾರಿನಲ್ಲಿ ಡ್ರೈವಿನ ಅಕ್ಷರ ಕುಟ್ಟಿ ಒಳಹೋಗಬೇಕು.

ದೃಷ್ಟಾಂತ. ಮಡಿಕೇರಿಯ ಒಂದು ಅಂಗಡಿ, ಹೊರಗೆ ಜಡಿಮಳೆ ನಿಂತು ಮದುವೆಯ ಸುಗ್ಗಿ ಶುರುವಾದ ದಿನಗಳು. ಹುಡುಗಿಯ ಸೋದರಮಾವ ಪೆನ್‌ಡ್ರೈವ್ ತಂದಿದ್ದಾರೆ. ಅಂಗಡಿಯ ಹುಡುಗ ಶಿಫ್ಟ್ ಒತ್ತಿ ಚುಚ್ಚುತ್ತಾನೆ. ಒಳಗೆ ‘ಮದುವೆ’ ಎಂಬ ಹಳದಿ ಫೋಲ್ಡರು. ಪಕ್ಕದ ಕಾಲಮ್ಮಿನಲ್ಲಿ ‘ಅಪ್ಲಿಕೇಶನ್’ ಎಂದಿದೆ.

"ಅದೇ, ಅದೇ. ಒತ್ತು ಮಗ," ಎನ್ನುತ್ತಾರೆ ಮಾವ.

"ಇದು ಫೋಲ್ಡರಲ್ಲ ಅಂಕಲ್, ವೈರಸ್ಸು. ನಿಮ್ಮ ಫೋಲ್ಡರನ್ನ ಅಡಗಿಸಿಟ್ಟು ಅದರ ವೇಷ ಹಾಕಿದೆ."

ಹುಡುಗ ಅದನ್ನು ಅಳಿಸಿ, ಕಪ್ಪು ಕಿಟಕಿ ತೆರೆದು, ಅಟ್ರಿಬ್ ಮೈನಸ್ ಎಚ್ ಮೈನಸ್ ಎಸ್ ಎಂಬ ಬೀಜಾಕ್ಷರಗಳನ್ನು ಕುಟ್ಟಿದ. ಅಡಗಿದ್ದ ಅಸಲಿ ಫೋಲ್ಡರು ಎದ್ದುಬಂತು. ಮಾವನ ಮುಖ ಮಾತ್ರ ಸಪ್ಪಗಾಗಿತ್ತು.

"ನನ್ನದ್ರಲ್ಲಿ ವೈರಸ್ ಇರೋಕೆ ಸಾಧ್ಯವೇ ಇಲ್ಲಪ್ಪ. ಈಗಷ್ಟೇ ಪಕ್ಕದ ಮೂರು ಅಂಗಡಿಗಳಲ್ಲೂ ಹಾಕಿ ನೋಡ್ಕೊಂಡೇ ಬಂದಿದ್ದೀನಿ."