ನಾಲ್ಕು ಮೂಲೆಯ ಉಂಡೆ

ಕೋಲ್ಕತ್ತದ ಲೇಕ್ ಮಾರ್ಕೆಟ್ಟಿನಲ್ಲಿ ದಕ್ಷಿಣದವರ ಅಡುಗೆಮನೆಗೆ ಕೊರತೆಯೆಂಬುದಿಲ್ಲ. ಬಾಳೆಲೆ, ಕರಿಬೇವು, ಕಾಫಿಪುಡಿ, ಮಲ್ಲಿಗೆ ಎಲ್ಲವೂ ಸಿಗುತ್ತವೆ. ಒಲೆ ಹಚ್ಚಲು ಬೇಸರವಾದರೆ ರಾಸ್‌ಬಿಹಾರಿ ಅವೆನ್ಯೂವಿನಲ್ಲಿ ಇಡ್ಲಿ-ದೋಸೆಯ ಹೋಟೆಲುಗಳೂ ಉಂಟು. ಇಂಥ ಪೇಟೆಗೆ ಹೋಗಿ, ಮಗುವಿನ ಡಬ್ಬಿಗೆ ಮನೆಯಲ್ಲೇ ಗ್ರನೋಲಾ ಬಾರ್ ಮಾಡುತ್ತೇವೆಂದು ಓಟ್ಸ್, ಜೇನುತುಪ್ಪ, ಬಾದಾಮಿ, ಒಣ ಕ್ರ್ಯಾನ್‌ಬೆರಿ ಎಂದು ಚೀಟಿ ಬರೆದುಕೊಂಡು ಅಲೆಯುವುದು ವ್ಯರ್ಥ ಶ್ರಮ. ಚೀಟಿ ಮುಗಿಯುವುದರೊಳಗೆ ಸಂಬಳ ಮುಗಿದಿರುತ್ತದೆ. ಗ್ರನೋಲಾ ಬಾರ್ ಎಂಬುದು ಮೂಲೆ ಮೂಡಿದ ಪುರಿ ಉಂಡೆ. ಅದರ ಯೋಗ್ಯತೆ ಓಟ್ಸಿನಲ್ಲಿಲ್ಲ, ಪಾಕದಲ್ಲಿದೆ ಎಂಬುದು ನನ್ನ ವಾದ.

ವಂಶಾವಳಿ ಬಿಡಿಸಿ ನೋಡಿದರೆ ಓಟ್ಸಿನ ಹಕ್ಕು ಅಷ್ಟೇನೂ ಭದ್ರವಾಗಿಲ್ಲ. 1863ರಲ್ಲಿ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್ಲಿನಲ್ಲಿ ಆರೋಗ್ಯಧಾಮ ನಡೆಸುತ್ತಿದ್ದ ಡಾ. ಜೇಮ್ಸ್ ಕೇಲೆಬ್ ಜಾಕ್ಸನ್ ತವುಡು ತೆಗೆಯದ ಗೋಧಿಹಿಟ್ಟನ್ನು ಬೇಯಿಸಿ, ಒಡೆದು, ಮತ್ತೆ ಬೇಯಿಸಿ 'ಗ್ರಾನುಲಾ' ಎಂದು ಕರೆದ. ಮೊದಲೇ ನೆನೆಸಿಡದಿದ್ದರೆ ಅದು ಹಲ್ಲಿಗೆ ದಕ್ಕುತ್ತಿರಲಿಲ್ಲ. ರೋಗಿಗಳು ಬೇಗ ಗುಣವಾಗಿ ಮನೆಗೆ ಹೋಗಲು ಹಾತೊರೆದಿದ್ದರೆ ಆಶ್ಚರ್ಯವಿಲ್ಲ. ಅಂಥದ್ದೇ ತಿಂಡಿಗೆ ಅದೇ ಹೆಸರಿಟ್ಟ ಡಾ. ಕೆಲಾಗ್ ತಕರಾರು ಬಂದಾಗ ಗ್ರನೋಲಾ ಎಂದು ತಿದ್ದಿಕೊಂಡ. ನೇಚರ್ ವ್ಯಾಲಿ ಬ್ರ್ಯಾಂಡಿನ ಗ್ರನೋಲಾ ಬಾರ್ ಬಂದದ್ದು 1975ರಲ್ಲಿ. ಹುರಿದದ್ದನ್ನು ಬೆಲ್ಲದಲ್ಲಿ ಕಟ್ಟಿ ಬುತ್ತಿಗೆ ಹಾಕುವ ವಿದ್ಯೆ ನಮಗಾಗಲಿ ಬಂಗಾಳಿಗಳಿಗಾಗಲಿ ಅಷ್ಟು ತಡವಾಗಿ ಬಂದದ್ದಲ್ಲ. ನಮ್ಮಲ್ಲಿ ಪುರಿ ಉಂಡೆ, ಎಳ್ಳುಂಡೆ, ಶೇಂಗಾ ಉಂಡೆಗಳಿದ್ದರೆ ಅವರಲ್ಲಿ ಮುರಿಯ (ಅಂದರೆ ಪುರಿಯ) ಮೊವಾ, ಅವಲಕ್ಕಿಯ ಮೊವಾ ಎಂಬ ಉಂಡೆಗಳಿವೆ. ಜಯನಗರದ ಮೊವಾಕ್ಕಂತೂ (ನಮ್ಮ ಬೆಂಗಳೂರಿನ ಜಯನಗರವಲ್ಲ, ದಕ್ಷಿಣ 24 ಪರಗಣದ್ದು) 2015ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೇ ಸಿಕ್ಕಿತು. ಕನಕಚೂರ್ ಭತ್ತದ ಅರಳು ಮತ್ತು ಚಳಿಗಾಲದ ಈಚಲು ಬೆಲ್ಲ, ಅಂದರೆ ನೊಲೇನ್ ಗುಡ, ಅದರ ಜೀವಾಳ.

ಇವೆಲ್ಲವನ್ನೂ ಹಿಡಿದು ನಿಲ್ಲಿಸುವುದು ಪಾಕ. ಬೆಲ್ಲ ಕುದಿದಂತೆ ನೀರು ಆವಿಯಾಗುತ್ತದೆ, ನೀರು ಇಳಿದಂತೆ ಕಾವು ಏರುತ್ತದೆ. ಹಾಗಾಗಿ ಕಾವೆಂದರೆ ಪಾಕದಲ್ಲಿ ಉಳಿದ ನೀರಿನ ಲೆಕ್ಕ. ಬಟ್ಟಲ ತಣ್ಣೀರಿಗೆ ಒಂದು ತೊಟ್ಟು ಬಿಟ್ಟಾಗ ಅದು ಕರಗಿ ಹೋದರೆ ಇನ್ನೂ ಕಾಯಬೇಕು. ಬೆರಳಿಗೆ ಸಿಕ್ಕಿ ಮೆತ್ತಗೆ ಉಂಡೆಯಾದರೆ 115 ಡಿಗ್ರಿ ಸೆಲ್ಸಿಯಸ್ ಆಸುಪಾಸು. ತಟ್ಟೆಗೆ ಎಸೆದಾಗ ಟಣ್ ಎಂದರೆ 150ರ ಹತ್ತಿರ, ಅದು ಚಿಕ್ಕಿಯ ಪಾಕ. ಬಾರಿಗೆ ಬೇಕಾದದ್ದು ಇವೆರಡರ ನಡುವೆ, 120 ದಾಟಿ ಸ್ವಲ್ಪ ಗಟ್ಟಿಯಾದ ಉಂಡೆ. ಮೊದಲೇ ಇಳಿಸಿದರೆ ಡಬ್ಬಿ ತೆರೆದಾಗ ಬಾರಿನ ಬದಲು ಚೂಡಾ ಇರುತ್ತದೆ. ಮರೆತರೆ ದಂತವೈದ್ಯರಿಗೆ ಲಾಭ. ಓಟ್ಸಿಗೆ ಎಷ್ಟೇ ಬೆಲೆ ತೆತ್ತಿದ್ದರೂ ಈ ನಿಯಮ ರಿಯಾಯಿತಿ ಕೊಡುವುದಿಲ್ಲ.

ಓಟ್ಸಿನಲ್ಲಿ ನಾರಿದೆ, ಪುರಿಯಲ್ಲಿ ಗಾಳಿಯಲ್ಲದೆ ಏನಿದೆ ಎನ್ನುವವರುಂಟು. ಮಾತು ನಿಜ. ಓಟ್ಸಿನ ಬೀಟಾ ಗ್ಲುಕಾನ್ ಕೊಲೆಸ್ಟರಾಲ್ ತಗ್ಗಿಸಲು ನೆರವಾಗುತ್ತದೆ. ಪುರಿ ಹಾಗೆಂದು ಎಂದೂ ಹೇಳಿಕೊಂಡಿಲ್ಲ. ಅದಕ್ಕೇ ಪುರಿಯ ಜೊತೆ ಹುರಿಗಡಲೆ, ಶೇಂಗಾ, ಎಳ್ಳು ಬೀಳಬೇಕು. ಹುರಿದ ಓಟ್ಸಿಗೂ ಪಂಕ್ತಿಯಲ್ಲಿ ಎಲೆ ಹಾಕಬಹುದು, ಯಜಮಾನಿಕೆ ಮಾತ್ರ ಕೊಡಬಾರದು. ಬೆಲ್ಲವೂ ಸಕ್ಕರೆಯೇ ಅಲ್ಲವೇ ಎಂಬ ಆಕ್ಷೇಪಕ್ಕೂ ತಲೆಬಾಗುತ್ತೇನೆ. ಜೇನುತುಪ್ಪಕ್ಕೂ ಅದೇ ಮಾತು ಸಲ್ಲುತ್ತದೆ. ಆದರೆ ಇಲ್ಲಿ ಸಿಹಿಯೇ ಅಂಟು. ಅಂಟು ಕಡಿಮೆ ಮಾಡುವುದಕ್ಕಿಂತ ತುಂಡನ್ನು ಚಿಕ್ಕದಾಗಿ ಕತ್ತರಿಸುವುದು ಜಾಣತನ. ಕೋಲ್ಕತ್ತದ ಮಳೆಗಾಲದಲ್ಲಿ ಬೆಲ್ಲ ತೇವ ಹೀರಿ ಪುರಿ ಸಂಜೆಗೇ ಸೋತುಹೋಗುತ್ತದೆ ಎಂಬುದೂ ಸುಳ್ಳಲ್ಲ. ಆಗ ಪುರಿ ತಗ್ಗಿಸಿ ಶೇಂಗಾ ಹೆಚ್ಚಿಸಿ, ಗಾಳಿಯಾಡದ ಡಬ್ಬಿಯಲ್ಲಿಡಬೇಕು.

ಹಾಗಿದ್ದರೆ ಉಂಡೆಯನ್ನೇ ಕಟ್ಟಬಾರದೇ, ಬಾರಿನ ಹಂಗೇಕೆ? ಆಕ್ಷೇಪಗಳಲ್ಲಿ ಇದೇ ಗಟ್ಟಿ. ಪಾಕ ಆರುವ ಮುನ್ನ ಉಂಡೆ ಕಟ್ಟಲು ಬಿಸಿ ತಾಳುವ ಅಂಗೈ ಬೇಕು. ಆ ಅಂಗೈಗಳು ಹಿಂದಿನ ತಲೆಮಾರಿನೊಂದಿಗೇ ಹೊರಟುಹೋಗುತ್ತಿವೆ. ಬಾರಾದರೆ ತುಪ್ಪ ಸವರಿದ ತಟ್ಟೆಗೆ ಸುರಿದು, ಬಟ್ಟಲಿನ ತಳದಿಂದ ಒತ್ತಿ, ಬೆಚ್ಚಗಿರುವಾಗಲೇ ಚಾಕುವಿನ ಗೆರೆ ಎಳೆದರೆ ಮುಗಿಯಿತು. ಅದು ಡಬ್ಬಿಯಲ್ಲಿ ಉರುಳಾಡುವುದಿಲ್ಲ. ಅಜ್ಜಿಯ ತಿಂಡಿಯೆಂದರೆ ಮೂಗು ಮುರಿಯುವ ಮಗು ಸಹಪಾಠಿಗಳೆದುರು ಗ್ರನೋಲಾ ಎಂದು ಬೀಗಲೂಬಹುದು. ಅಮೆರಿಕದಿಂದ ನಾವು ಎರವಲು ತರಬೇಕಾದದ್ದು ಆ ನಾಲ್ಕು ಮೂಲೆಗಳನ್ನು ಮಾತ್ರ. ಉಳಿದದ್ದಕ್ಕೆ ಲೇಕ್ ಮಾರ್ಕೆಟ್ಟಿನ ಮುರಿ ಅಂಗಡಿಯವನ ಕೈಗೆ ಚಿಲ್ಲರೆ ಹಾಕಿದರೆ ಸಾಕು.