ಉಂಬಳದ ಕಾವಲು

ಕುದುರೆಮುಖ ಹತ್ತಲು ಅರಣ್ಯ ಇಲಾಖೆ ಅನುಮತಿ ಕೊಟ್ಟರೆ ಸಾಲದು, ಉಂಬಳಗಳೂ, ಅಂದರೆ ಜಿಗಣೆಗಳೂ, ಒಪ್ಪಬೇಕು. ಇಲಾಖೆಯವರು ಮುಂಗಡವಾಗಿ ಆನ್‌ಲೈನಿನಲ್ಲಿ ಹಣ ಕಟ್ಟಿಸಿಕೊಳ್ಳುತ್ತಾರೆ. ಉಂಬಳಗಳದ್ದು ಸ್ಥಳದಲ್ಲೇ ವಸೂಲಿ, ರಸೀದಿ ಇಲ್ಲ.

ಕಳಸದ ಹತ್ತಿರ ಸಂಸೆಯ ಸುತ್ತಮುತ್ತ ಎಷ್ಟೋ ತೋಟದ ಮನೆಗಳು ಈಗ ಹೋಮ್‌ಸ್ಟೇ ಆಗಿವೆ. ನಾವು ಇಳಿದುಕೊಂಡ ಮನೆಯ ಅಮ್ಮ ಬೆಳಗ್ಗೆ ಹಬೆಯಾಡುವ ಕಡುಬು ಬಡಿಸುತ್ತ ನನ್ನ ಹೊಟ್ಟೆಯನ್ನೊಮ್ಮೆ, ಮೋಡದೊಳಗಿದ್ದ ಗುಡ್ಡವನ್ನೊಮ್ಮೆ ನೋಡಿದರು. "ಇನ್ನೆರಡು ಹಾಕ್ಕೊಳ್ಳಿ ಮಾರಾಯ್ರೆ, ಒಂಟಿಮರದ ತನಕ ಆದ್ರೂ ಹೋಗ್ಬಹುದು" ಎಂದರು. ಶಿಖರದ ಎತ್ತರ 1,890 ಮೀಟರಿಗೂ ಹೆಚ್ಚು. ಒಂಟಿಮರ ದಾರಿಯಲ್ಲೇ ಸಿಗುವ ಜಾಗ. ಅವರ ಅಂದಾಜು ನನಗೆ ಅರ್ಥವಾಯಿತು. ಹೊರಡುವಾಗ ಕೋಲಿನ ತುದಿಗೊಂದು ಉಪ್ಪಿನ ಗಂಟು ಕಟ್ಟಿಕೊಟ್ಟರು.

ಮುಳ್ಳೋಡಿಯವರೆಗೆ ಜೀಪು. ಕಡುಬು ಕರಗಿಸಲು ಆ ರಸ್ತೆಯೇ ಸಾಕಿತ್ತು. ಆಮೇಲೆ ಹಳ್ಳ, ಶೋಲಾ ಕಾಡು, ಮತ್ತೆ ಬೋಳು ಹುಲ್ಲುಗುಡ್ಡ. ಎಲ್ಲರೂ ಗುಡ್ಡ ನೋಡುತ್ತಿದ್ದರೆ ನಾನು ನನ್ನ ಪಾದವನ್ನೇ ನೋಡುತ್ತಿದ್ದೆ. ಒಣಎಲೆಯ ಅಂಚಿನಲ್ಲಿ ನೂಲಿನಷ್ಟು ತೆಳ್ಳಗಿನ ಉಂಬಳವೊಂದು ಬಾಲದ ಮೇಲೆ ಎದ್ದುನಿಂತು ಅತ್ತಿತ್ತ ತೂಗುತ್ತ ಗಿರಾಕಿಯನ್ನು ಹುಡುಕುತ್ತಿತ್ತು. ಶೂ ಸಿಕ್ಕಿತೋ, ಗೇಣು ಹಾಕುತ್ತ ಹತ್ತಿತು. ಕಚ್ಚಿದ್ದು ತಿಳಿಯುವುದೇ ಇಲ್ಲ. ಕುಡಿದು ದ್ರಾಕ್ಷಿಯಷ್ಟಾಗಿ ಉದುರಿಹೋದ ಮೇಲೂ ರಕ್ತ ನಿಲ್ಲದು. ಅದು ಹೆಪ್ಪುಗಟ್ಟದಂತೆ ತಡೆಯುವ ಮದ್ದು ಉಂಬಳದ ಜೊಲ್ಲಿನಲ್ಲೇ ಇದೆ.

ಈ ಸೀಮೆಯಲ್ಲಿ ಗುಡ್ಡ ಅಗೆದು, ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದ ಕಾಲವಿತ್ತು. ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಕ್ಕಾಗಿ ಹೋರಾಡಿದವರಿಗೆ ಸಿಂಗಳೀಕಗಳ ಪರವಾಗಿ ಒಂದು ನಮಸ್ಕಾರ. ಆದರೆ ದಿನನಿತ್ಯದ ಕಾವಲು ಉಂಬಳದ್ದೇ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಹಿಂದೆ ಬರುತ್ತಿದ್ದ ಹುಡುಗರ ತಂಡವೊಂದು ಮೊಬೈಲಿನಲ್ಲಿ ಹಾಡು ಹಚ್ಚಿ, ಬಂಡೆಯ ಮೇಲೆ ಕೂತು ಚಿಪ್ಸ್ ಪೊಟ್ಟಣ ಒಡೆಯಿತು. ಎರಡನೆಯ ಚರಣ ಬರುವಷ್ಟರಲ್ಲಿ ಐದೂ ಜನ ಪ್ಯಾಂಟು ಮಡಚಿಕೊಂಡು ಕುಣಿಯುತ್ತಿದ್ದರು, ಹಾಡಿಗಲ್ಲ. ಅರಣ್ಯ ಇಲಾಖೆಯ ಗಾರ್ಡು ಬಾಯಿಬಿಡುವ ಅಗತ್ಯವೇ ಬರಲಿಲ್ಲ.

ನಾನು ಶಿಖರ ಮುಟ್ಟಿದೆನೋ ಇಲ್ಲವೋ ಎಂದು ಅಮ್ಮ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಂಡೆಯ ಬಿಸಿನೀರು, ರಾತ್ರಿಗೆ ಪತ್ರೊಡೆ.

ಮಳೆಗಾಲದಲ್ಲಿ ಹೋಗುವವರಿಗೆ ಒಂದೇ ಮಾತು: ಬಚ್ಚಲಿಂದ ಬಂದು ಹಾಸಿಗೆಗೆ ಕಾಲಿಡುವ ಮೊದಲು ಬೆರಳ ಸಂದಿ ನೋಡಿಕೊಳ್ಳಿ. ಹೋಮ್‌ಸ್ಟೇಯ ಹೊದಿಕೆಗಳು ಬಿಳಿ ಬಣ್ಣದವು.