ಒಂದು ದಿನದ ಅಖಾಡ, ಉಳಿದ ದಿನ ಕೇರಿ

ದೀಪಾವಳಿ ಕಳೆದ ಮೇಲೆ ಶಿಕಾರಿಪುರದಿಂದ ಸೊರಬದ ಕಡೆ ಹೊರಟರೆ ರಸ್ತೆಯ ಅರ್ಧ ಭಾಗ ಮೆಕ್ಕೆಜೋಳಕ್ಕೆ, ಇನ್ನರ್ಧ ವಾಹನಗಳಿಗೆ. ಯಾರೂ ಬರೆದುಕೊಂಡ ಒಪ್ಪಂದವಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ. ಹಾಗೆ ಹೋಗುತ್ತ ಒಂದು ಊರೊಳಗೆ ತಿರುಗಿ, ಅಲ್ಲಿನ ಕೇರಿಯೊಂದನ್ನು ಮಾತಾಡಿಸಿ ಬಂದೆ. ವರ್ಷಕ್ಕೊಂದು ದಿನ ಅದಕ್ಕೆ ಅಖಾಡ ಎಂದು ಹೆಸರು. ಅವತ್ತು ಹೋರಿಗಳು ಒಂದರ ಹಿಂದೊಂದು ಅದರ ಮೇಲೆ ಓಡುತ್ತವೆ, ಕೊರಳಿನ ಕೊಬ್ಬರಿ ಹರಿಯಲು ಹುಡುಗರು ಮೈಮೇಲೆ ಬೀಳುತ್ತಾರೆ, ಸುತ್ತಲಿನ ಹತ್ತೂರು ಬಂದು ನೋಡುತ್ತದೆ. ಹೋರಿ ಬೆದರಿಸುವ ಸ್ಪರ್ಧೆಯ ಬಗ್ಗೆ ಹೋರಿ ಮಾಲೀಕರು, ಪೈಲ್ವಾನರು, ಪ್ರಾಣಿದಯೆಯವರು, ಶಾಸಕರು, ವಕೀಲರು ಎಲ್ಲರೂ ಮಾತಾಡಿ ಆಗಿದೆ. ಅಷ್ಟೂ ಜನರ ಕಾಲಡಿಯಲ್ಲಿ ಮಲಗಿರುವವರನ್ನು ಮಾತ್ರ ಯಾರೂ ಕೇಳಿದಂತಿಲ್ಲ.

ಕೇರಿ ಹನುಮಪ್ಪನ ಗುಡಿ ಮುಂದೆ ಬಿಸಿಲು ಕಾಯಿಸುತ್ತಿತ್ತು. ನನ್ನನ್ನು ನೋಡಿ ಎದ್ದೇನೂ ಕೂರಲಿಲ್ಲ.

ನಮಸ್ಕಾರ ಯಜಮಾನ್ರೇ. ನಿಮ್ಮ ಪರಿಚಯ ಹೇಳಿ.

ಕಾಗದದಲ್ಲಿ ನಾನು ಸಿ.ಸಿ. ರಸ್ತೆ. ಎರಡು ಸಲ ಉದ್ಘಾಟನೆ ಆಗೀನಿ, ಒಂದು ಸಲ ಕಾಂಕ್ರೀಟ್ ಬಿದ್ದೈತಿ. ಜಾತ್ರೇಲಿ ತೇರಿನ ಬೀದಿ, ಮದುವೇಲಿ ಪೆಂಡಾಲು, ಸುಗ್ಗೀಲಿ ಕಣ, ಚುನಾವಣೇಲಿ ಪಾದಯಾತ್ರೆ. ಹಟ್ಟಿಹಬ್ಬ ಮುಗೀತಿದ್ದಂಗೆ ಅಖಾಡ. ಎಷ್ಟು ಹುದ್ದೆ ಕೊಟ್ರೂ ಸಂಬಳ ಅದೇ: ಮಳೆಗಾಲದಲ್ಲಿ ಒಂದು ಬುಟ್ಟಿ ಜಲ್ಲಿ.

ಅಖಾಡ ಆಗುವ ದಿನ ಹೇಗಿರುತ್ತೆ?

ಹಿಂದಿನ ರಾತ್ರಿನೇ ನಿದ್ದೆ ಹೋಗ್ತೈತಿ. ಎರಡೂ ಬದಿಗೆ ಗುಂಡಿ ತೋಡಿ ಅಡಿಕೆ ದಬ್ಬೆ ನಿಲ್ಲಿಸ್ತಾರೆ, ಅದಕ್ಕೆ ಬೇಲಿ ಅಂತಾರೆ. ಆ ದಬ್ಬೆ ಹೋರಿ ತಡೆಯೋಕೆ ಅಂತ ನೀನು ತಿಳ್ಕೊಂಡಿರ್ತೀಯ. ಜನ ಅದರ ಮೇಲೆ ಒರಗೋಕೆ ತಿಳ್ಕೊಂಡಿರ್ತಾರೆ. ಬೆಳಿಗ್ಗೆ ಹೊತ್ತಿಗೆ ಫ್ಲೆಕ್ಸು. ಅದರಲ್ಲಿ ಹೋರಿ ಫೋಟೊ ದೊಡ್ಡದು, ಮಾಲೀಕರದ್ದು ಅದಕ್ಕಿಂತ ಸಣ್ಣದು, ಮುಖಂಡರದ್ದು ಮೂಲೇಲಿ. ಹೋರಿಗಿರೋ ಹೆಸರು ಕೇಳಿದ್ರೆ ಯಾವ ಸಿನಿಮಾಕ್ಕೆ ಬಂದೀನಪ್ಪ ಅನ್ನಿಸ್ತೈತಿ. ಆಮೇಲೆ ಮೈಕು. ಮೈಕಿನವನು "ಬಂತು, ಬಂತು, ಬಂತು" ಅಂತ ಶುರು ಮಾಡಿದ್ರೆ ಸಂಜೆವರೆಗೂ ಬರ್ತಾನೇ ಇರ್ತೈತಿ.

ಹೋರಿ ಬಂದಾಗ ಮಾತ್ರ, ಸುಳ್ಳು ಹೇಳಬಾರದು, ನನಗೂ ಮೈ ಜುಂ ಅಂತೈತಿ. ಮೈಮೇಲೆ ಜೂಲ, ಕೊಂಬಿಗೆ ಬಲೂನು, ಕಾಲಿಗೆ ಗೆಜ್ಜೆ, ಕೊರಳಲ್ಲಿ ಕೊಬ್ಬರಿ ಸರ. ಗೊರಸು ಬಿದ್ದ ಕಡೆ ಕಾಂಕ್ರೀಟ್ ಅನ್ನೋದು ಮರೆತು ನಾನು ಮತ್ತೆ ಮಣ್ಣಿನ ಬೀದಿ ಆಗಿಬಿಡ್ತೀನಿ. ವರ್ಷಪೂರ್ತಿ ಹುರುಳಿ, ಹತ್ತಿಕಾಳು ತಿನ್ನಿಸಿ, ಕೆರೇಲಿ ಈಜಿಸಿ ಬೆಳೆಸಿದ ಮೈ ಅದು. ನಾಲ್ಕೇ ನಾಲ್ಕು ಕ್ಷಣ, ಅಷ್ಟೇ. ಹೋಯ್ತು.

ಬರೀ ನಾಲ್ಕು ಕ್ಷಣ ನೋಡಲು ಜನ ಇಡೀ ದಿನ ನಿಲ್ಲುತ್ತಾರಾ?

ಫಾರ್ಮುಲಾ ಒನ್ ನೋಡೋರು ಇನ್ನೇನು ಮಾಡ್ತಾರೆ ತಮ್ಮಾ? ದುಡ್ಡು ಕೊಟ್ಟು ಕೂತು, ಜುಂಯ್ ಅಂದಾಗ ಕತ್ತು ತಿರುಗಿಸ್ತಾರೆ. ಅಷ್ಟೊತ್ತಿಗೆ ಕಾರು ಇರಲ್ಲ. ನಮ್ಮಲ್ಲಿ ದುಡ್ಡಿಲ್ಲದೆ ಕತ್ತು ತಿರುಗಿಸಬಹುದು.

ನಿಮಗೆ ಫಾರ್ಮುಲಾ ಒನ್ ಹೇಗೆ ಗೊತ್ತು?

ರಾತ್ರಿ ಹುಡುಗರು ಕಟ್ಟೆ ಮೇಲೆ ಕೂತು ಮೊಬೈಲ್ ನೋಡ್ತಾರೆ. ಅಂಗಾತ ಮಲಗಿದವನಿಗೆ ಪರದೆ ಕಾಣಲ್ಲ, ಕಿವಿಗೆ ಬಿದ್ದಷ್ಟು ಸಾಕು.

ಸರಿ, ಪ್ರೇಕ್ಷಕರ ವ್ಯವಸ್ಥೆ ಹೇಗಿದೆ?

ಎಲ್ಲಾ ದರ್ಜೆ ಐತಿ. ಆರ್.ಸಿ.ಸಿ. ಮನೆ ತಾರಸಿ ಅಂದ್ರೆ ವಿ.ಐ.ಪಿ. ಅಲ್ಲಿಗೆ ಬೀಗರು, ಬಿಜ್ಜರು. ಸಾಲಾಗಿ ನಿಲ್ಲಿಸಿದ ಟ್ರಾಕ್ಟರ್ ಟ್ರೇಲರಿನಲ್ಲಿ ಹೆಣ್ಮಕ್ಳು, ಹುಡುಗ್ರು. ಮೊನಾಕೊ ಅಂತ ಊರೈತಂತೆ, 1929ರಿಂದ ಬೀದೀಲೇ ಕಾರು ಓಡಿಸ್ತಾರೆ, 3.337 ಕಿ.ಮೀ. ಸುತ್ತು. ಅಲ್ಲಿ ಬಾಲ್ಕನಿ ಬಾಡಿಗೆಗೆ ಕೊಟ್ಟು ದುಡ್ಡು ಮಾಡ್ಕೊಳ್ತಾರೆ. ಇಲ್ಲಿ ಹಾಲಿನ ಡೇರಿ ಪಕ್ಕದ ಮನೆ ಅಜ್ಜಿ ಜಗಲಿ ಬೆಳಗಾಗೋದ್ರೊಳಗೆ ಭರ್ತಿ. ಕೂತೋರು ಯಾರು ಅಂತ ಅಜ್ಜಿಗೂ ಗೊತ್ತಿಲ್ಲ, ಆದ್ರೂ ಚಹಾ ಆಕೀದೇ.

ಇದೆಲ್ಲ ಜಾಗ ಸಿಕ್ಕವರ ಕತೆ. ಸಿಗದೇ ಇದ್ದವರು ನನ್ನ ಮೇಲೇ ನಿಲ್ತಾರೆ. ಹೋರಿ ಓಡೋದು ನನ್ನ ಮೇಲೆ, ಹಿಡಿಯೋರು ಓಡೋದು ನನ್ನ ಮೇಲೆ, ನೋಡೋರು ನಿಲ್ಲೋದೂ ನನ್ನ ಮೇಲೆ. ಯಾರು ಆಟಗಾರ, ಯಾರು ಪ್ರೇಕ್ಷಕ ಅಂತ ಕೆಳಗಿಂದ ನನಗೇ ತಿಳಿಯಲ್ಲ, ಹೋರಿಗೆ ಹೆಂಗೆ ತಿಳೀಬೇಕು? ಈಗ ಕೈಗೊಂದು ಮೊಬೈಲ್ ಬೇರೆ. ಹೋರಿ ಎದುರಿಗೇ ಬರ್ತಿದ್ರೂ ಅದರಲ್ಲೇ ನೋಡ್ತಾನೆ. ಅದರಲ್ಲಿ ಹೋರಿ ಸಣ್ಣದಾಗಿ ಕಾಣ್ತೈತಿ, ಇನ್ನೂ ದೂರ ಐತಿ ಅನ್ಕೊಂಡು ನಿಂತೇ ಇರ್ತಾನೆ. ನೀನೂ ಬಂದ್ರೆ ಒಂದು ಮಾತು ನೆನಪಿಟ್ಕೋ. ಡೇರಿ ತಿರುವಿನಲ್ಲಿ ನಿಲ್ಲಬೇಡ. ಹೋರಿ ತಿರುಗಬೇಕಾದ್ದು ಅಲ್ಲೇ, ಎಲ್ಲವೂ ತಿರುಗಲ್ಲ.

ಅದಕ್ಕೇ ಊರ ಹೊರಗೆ ಮೈದಾನ ಮಾಡಿ, ಓಟ ಅಲ್ಲಿಗೆ ಒಯ್ಯಿರಿ ಅಂತಾರಲ್ಲ?

ಒಯ್ಲಿ. ದಿಲ್ಲಿ ಹತ್ತಿರ ಗ್ರೇಟರ್ ನೊಯ್ಡಾದಲ್ಲಿ ಕಾರಿಗೆ ಅಂತಲೇ 5.125 ಕಿ.ಮೀ. ಮೈದಾನ ಕಟ್ಟಿದ್ರು, ಬುದ್ಧನ ಹೆಸರಿಟ್ರು. 2011, 2012, 2013, ಮೂರು ವರ್ಷ ಫಾರ್ಮುಲಾ ಒನ್ ಬಂತು, ಮೂರೂ ಸಲ ವೆಟ್ಟೆಲ್ ಅನ್ನೋನು ಒಬ್ಬನೇ ಗೆದ್ದ. ಉತ್ತರ ಪ್ರದೇಶ ಸರ್ಕಾರದವರು ಇದು ಕ್ರೀಡೆ ಅಲ್ಲ, ಮನರಂಜನೆ ಅಂತ ತೆರಿಗೆ ಕೇಳಿದ್ರು. ಫಾರ್ಮುಲಾ ಒನ್ ಎದ್ದು ಹೋಯ್ತು. 2023ರಲ್ಲಿ ಒಂದು ಸಲ ಬೈಕಿನವರು ಬಂದು ಹೋದ್ರು. ಉಳಿದಂತೆ ಬುದ್ಧನಿಗೆ ಬೇಕಾದ ಶಾಂತಿ ಸಿಕ್ಕೈತಿ.

ನಮ್ಮದು ಕ್ರೀಡೆಯೋ ಮನರಂಜನೆಯೋ ಅಂತ ಕೇಳಿದ್ರೆ ನಮ್ಮೋರು ಎರಡೂ ಅಲ್ಲ, ಸಂಪ್ರದಾಯ ಅಂತಾರೆ. ಜಾಣರು. ಸಂಪ್ರದಾಯಕ್ಕೆ ತೆರಿಗೆ ಇಲ್ಲ.

ಕರ್ನಾಟಕದಲ್ಲೇ ಒಂದು ಅಂಥ ಮೈದಾನ ಇದ್ದಿದ್ದರೆ?

ನಮ್ಮ ರಾಜ್ಯದ ಕಾರು ಹುಡುಗರು ಮದ್ರಾಸು, ಕೊಯಮತ್ತೂರಿಗೆ ಹೋಗಿ ಓಡಿಸ್ತಾರೆ. ಇಲ್ಲಿ ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ರ‍್ಯಾಲಿ ನಡೀತೈತಿ. ಬೆಂಗಳೂರಿನ ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಆದ, ಮರಳುಗಾಡಿನಲ್ಲಿ ಬೈಕ್ ಹೊಡೆದು. ಜಾಗ ಇಲ್ಲದವನಿಗೆ ಎಲ್ಲಾ ಜಾಗಾನೂ ಅಖಾಡ. ಅದು ಸರಿ, ನೀನು ನನ್ನ ಸಂದರ್ಶನಕ್ಕೆ ಬಂದೀಯೋ, ಅವರದ್ದಕ್ಕೋ?

ನಿಮ್ಮದಕ್ಕೇ. ಬೇರೆ ಬೀದಿಗಳ ಮೇಲೆ ಹೊಟ್ಟೆಕಿಚ್ಚು ಇದೆಯಾ?

ಚೆನ್ನೈ ಮೇಲೆ ಐತಿ. 2024ರ ಆಗಸ್ಟ್ 31ಕ್ಕೆ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ಮೂರೂವರೆ ಕಿ.ಮೀ. ರಸ್ತೇಲಿ ರಾತ್ರಿ ಹೊತ್ತು ಕಾರು ಓಡಿಸಿದ್ರು. ದೀಪ ಏನು, ಕಾಂಕ್ರೀಟ್ ಗೋಡೆ ಏನು, ಅದರ ಮೇಲೆ ತಂತಿ ಬಲೆ ಏನು! ಅದೂ ನನ್ನಂಗೆ ಬೀದೀನೇ. ಹೈದರಾಬಾದಿನ ಹುಸೇನ್ ಸಾಗರದ ಪಕ್ಕದ ರಸ್ತೆಗೂ 2023ರ ಫೆಬ್ರವರೀಲಿ ಕರೆಂಟ್ ಕಾರಿನ ರೇಸು ಬಂದಿತ್ತು. ಸರ್ಕಾರ ಬದಲಾದ ಮೇಲೆ ಮರುವರ್ಷದ್ದು ರದ್ದಾಯ್ತು. ನಮ್ಮಲ್ಲಿ ಸರ್ಕಾರ ಬದಲಾದ್ರೆ ಫ್ಲೆಕ್ಸಿನ ಮೂಲೆ ಫೋಟೊ ಬದಲಾಗ್ತೈತಿ, ಓಟ ನಿಲ್ಲಲ್ಲ.

ಕಾರು ರೇಸಿನಲ್ಲಿ ಪ್ರೇಕ್ಷಕರು ಇಷ್ಟು ಹತ್ತಿರ ನಿಲ್ಲುವುದಿಲ್ಲವಲ್ಲ?

ಈಗ ನಿಲ್ಲಲ್ಲ. ಮೊದಲು ನಿಲ್ತಿದ್ರು. ಪೋರ್ಚುಗಲ್ ರ‍್ಯಾಲೀಲಿ ಕಾರು ಹಾದು ಹೋಗುವಾಗ ಮುಟ್ಟಿದವನೇ ಗಂಡಸು ಅನ್ನೋ ಹುಚ್ಚಿತ್ತಂತೆ. ಕೊಬ್ಬರಿ ಒಂದು ಕಟ್ಟಿರಲಿಲ್ಲ ಅಷ್ಟೇ. 1986ರಲ್ಲಿ ಒಂದು ಕಾರು ಗುಂಪಿನೊಳಗೇ ನುಗ್ಗಿ ಮೂವರು ಹೋದ್ರು. ಆ ಜಾತಿ ಕಾರುಗಳನ್ನೇ ಮರುವರ್ಷದಿಂದ ನಿಲ್ಲಿಸಿಬಿಟ್ರು. ಅದಕ್ಕೂ ಹಿಂದೆ, 1955ರಲ್ಲಿ, ಫ್ರಾನ್ಸಿನ ಲ ಮಾನ್‌ನಲ್ಲಿ ಕಾರು ಚೂರಾಗಿ ನೋಡೋರ ಮೇಲೆ ಬಿದ್ದು 80ಕ್ಕೂ ಹೆಚ್ಚು ಜನ ಸತ್ರು. ಪಕ್ಕದ ಸ್ವಿಟ್ಜರ್ಲೆಂಡಿನವರು ನಮ್ಮೂರಲ್ಲಿ ಈ ಆಟವೇ ಬೇಡ ಅಂದ್ರು. ಇಷ್ಟಾದ ಮೇಲೆ ಅವರಿಗೆ ಬೇಲಿ ಅಂದ್ರೇನು ಅಂತ ತಿಳೀತು.

ಕಾರಿಗಾದ್ರೂ ಬ್ರೇಕ್ ಐತಿ. ಹೋರಿಗಿರೋದು ಮೂಗುದಾರ, ಅವತ್ತು ಅದರ ಹಗ್ಗ ಹಿಡಿಯೋರು ಯಾರೂ ಇರಲ್ಲ. ಗೆದ್ದ ಗೆರೆ ಎಲ್ಲೈತಿ ಅಂತ ಮೈಕಿನವನಿಗೆ ಗೊತ್ತು, ಹೋರಿಗೆ ಗೊತ್ತಿಲ್ಲ. ನನ್ನ ತುದಿ ದಾಟಿದ ಮೇಲೂ ಅದು ಓಡ್ತಾನೇ ಇರ್ತೈತಿ, ಮುಂದಿನ ಕೇರಿಗೆ, ಹೊಲಕ್ಕೆ, ಬಸ್ ಸ್ಟ್ಯಾಂಡಿಗೆ. ಆ ಕೇರಿಯವನು ಟಿಕೆಟ್ಟೂ ತಗೊಂಡಿಲ್ಲ, ನೋಡೋಕೂ ಬಂದಿಲ್ಲ.

ಅಂಥ ಸಾವುಗಳು…

*(ಕೇರಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಒಂದು ಲೂನಾ ಹಾದು ಹೋಯಿತು.)*

ಶಿಕಾರಿಪುರ ತಾಲ್ಲೂಕಿನಲ್ಲಿ 2022ರಲ್ಲೂ ಆಗೈತಿ, 2023ರ ಸಂಕ್ರಾಂತಿ ಹೊತ್ತಿಗೂ ಆಗೈತಿ. 2025ರ ದೀಪಾವಳೀಲಿ ಹಾವೇರಿ ಕಡೆ ಮನೆ ಮುಂದೆ ಕೂತಿದ್ದ ಹಿರಿಯರೊಬ್ಬರಿಗೆ ಹಾಯ್ತು. ಮನೆ ಮುಂದೆ ಕೂರೋದೂ ಪ್ರೇಕ್ಷಕರ ಲೆಕ್ಕಕ್ಕೆ ಬರ್ತೈತೇನು?

ಬಳ್ಳಿಗಾವಿಗೆ ಹೋಗೀಯಲ್ಲ? ನಮ್ಮ ಸೀಮೇಲಿ ಎಲ್ಲಿ ನೋಡಿದ್ರೂ ವೀರಗಲ್ಲು. ತುರುಗೋಳಿನಲ್ಲಿ ದನ ಬಿಡಿಸಿಕೊಳ್ಳೋಕೆ ಹೋಗಿ ಸತ್ತವನಿಗೆ ಕಲ್ಲು ನಿಲ್ಲಿಸ್ತಿದ್ರು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯೋದು, ಮೇಲೆ ಶಿವನ ಸನ್ನಿಧಿ. ಈಗ ದನ ನೋಡೋಕೆ ಬಂದು ಸತ್ತವನಿಗೆ ಫ್ಲೆಕ್ಸು. ಅದೂ ಮುಂದಿನ ವಾರ ಇನ್ನೊಂದು ಊರಿನ ಸ್ಪರ್ಧೆ ಫ್ಲೆಕ್ಸಿನ ಅಡಿಗೆ ಹೋಗ್ತೈತಿ. ಹೆಸರು ಮಾಡಿದ ಹೋರಿ ಸತ್ರೆ ಮೆರವಣಿಗೆ ಮಾಡಿ, ಪೂಜೆ ಮಾಡಿ ಮಣ್ಣು ಮಾಡ್ತಾರೆ. ಬೇಡ ಅನ್ನಲ್ಲ. ಹೋರಿಗೆ ಮಾಲೀಕ ಅದಾನೆ, ಹೆಸರೈತಿ, ಲಕ್ಷದ ಲೆಕ್ಕದಲ್ಲಿ ಬೆಲೆ ಐತಿ. ಬೇಲಿಗೆ ಒರಗಿ ನಿಂತವನಿಗೆ ಅವತ್ತು ಏನೈತಿ ಹೇಳು? ಮೈಕಿನವನ ಬಾಯಲ್ಲಿ ಅವನ ಹೆಸರು "ಏಯ್, ಹಿಂದೆ ಸರಿ".

ನ್ಯಾಯಾಲಯ, ಕಾನೂನು…

2014ರ ಮೇ 7ಕ್ಕೆ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಓಟ ಬೇಡ ಅಂತು. ತಮಿಳುನಾಡು, ಮಹಾರಾಷ್ಟ್ರ, ನಮ್ಮೋರು, ಮೂವರೂ ಕಾಯ್ದೆ ತಿದ್ದಿದ್ರು. 2023ರ ಮೇ 18ಕ್ಕೆ ಐದು ಜನ ನ್ಯಾಯಮೂರ್ತಿಗಳು ತಿದ್ದುಪಡಿ ಸರಿ ಅಂದ್ರು. ನಮ್ಮ ತಿದ್ದುಪಡೀಲಿ ಎದ್ದು ಕಾಣೋದು ಕಂಬಳ, ಎತ್ತಿನ ಓಟ. ಎಲ್ಲಾ ವಾದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮೇಲೆ. ಹೋರಿ ಪರವಾಗಿ ವಕೀಲರು ನಿಂತ್ರು, ಮಾಲೀಕರ ಪರವಾಗಿ ನಿಂತ್ರು. ಬೇಲಿ ಹೊರಗಿನವನ ಪರವಾಗಿ ಅಡಿಕೆ ದಬ್ಬೆ ಮಾತ್ರ ನಿಂತಿತ್ತು, ಅದೂ ಅರ್ಧ ದಿನ.

ಕಂಬಳದವರನ್ನು ನೋಡಿ ಕಲಿಯಬೇಕಾ?

ಕಂಬಳಕ್ಕೆ ಅದರದ್ದೇ ಕರೆ ಐತಿ, ಅಂದ್ರೆ ಕೆಸರಿನ ಓಟದ ದಾರಿ. ಕೆಸರು ಬಿಟ್ಟು ಕೋಣ ಹೊರಗೆ ಬರಲ್ಲ, ನೋಡೋ ಜನ ಕೆಸರಿಗೆ ಇಳಿಯಲ್ಲ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕರೆ ತೋಡಿ ಓಡಿಸಿ ಬಂದ್ರು. ಕೆಸರು ಹೊತ್ತುಕೊಂಡು ಹೋಗಬಹುದು. ನನ್ನನ್ನು ಹೆಂಗೆ ಹೊರ್ತೀರಿ? ಈ ಗುಡಿ, ಆ ಜಗಲಿ, ಅಜ್ಜಿ ಚಹಾ, ಎಲ್ಲಾ ಹೊರಬೇಕಾಗ್ತೈತಿ.

ಹಾಗಾದರೆ ನಿಮ್ಮ ಬೇಡಿಕೆ? ಓಟ ಎಲ್ಲಿ ನಡೆಯಬೇಕು?

ಓಟ ಎಲ್ಲಿ ಅಂತ ಎಲ್ಲಾ ಕೇಳ್ತಾರೆ. ನನ್ನ ಮೇಲೇ ಓಡ್ಲಿ. ಹೋರಿ ಓಡೋಕೆ ನಾನು ಸಾಕು. ನಿಲ್ಲೋಕೆ ಸಾಲಲ್ಲ. ಹೋರಿಗೆ ಎಷ್ಟು ಅಡಿ ಬೇಕು ಅಂತ ಕಮಿಟಿಯವರು ಟೇಪ್ ಹಿಡಿದು ಅಳೀತಾರೆ. ನೋಡೋನಿಗೆ ಎಷ್ಟು ಅಡಿ ಅಂತ ಒಬ್ಬನೂ ಅಳೆದಿದ್ದು ನಾನು ಕಂಡಿಲ್ಲ. ಎರಡು ಸಾಲು ಬೇಲಿ ಹಾಕಿ ನಡುವೆ ಖಾಲಿ ಬಿಡ್ರಿ, ತುದೀಲಿ ಹೋರಿ ನಿಲ್ಲೋ ದೊಡ್ಡಿ ಮಾಡ್ರಿ, ಆ ದಬ್ಬೆ ಬದಲು ಗಟ್ಟಿ ಮರ ನಿಲ್ಲಿಸ್ರಿ ಅಂತ ಹೇಳೋಣ ಅಂದ್ರೆ ಕಮಿಟಿಯವರು ಬೈಕು, ಬಂಗಾರ, ಬೀರುವಿಗೆ ಪ್ರಾಯೋಜಕರನ್ನ ಹುಡುಕ್ತಾ ಇರ್ತಾರೆ. ಬೇಲಿಗೆ ಪ್ರಾಯೋಜಕರು ಸಿಗಲ್ಲ ತಮ್ಮಾ. ಸಿಕ್ಕಿದ್ರೂ ಫೋಟೊ ಎಲ್ಲಿ ಹಾಕ್ಬೇಕು?

ಬೇಲಿ ಮೇಲೆ?

ಜನ ಒರಗಿದ್ರೆ ಕಾಣಲ್ಲ.

ಇನ್ನೂ ಎರಡು ಪ್ರಶ್ನೆ ಉಳಿದಿದ್ದವು. ಅಷ್ಟರಲ್ಲಿ ಡೇರಿ ಪಕ್ಕದ ಮನೆಯಿಂದ ಅಜ್ಜಿ ಮೆಕ್ಕೆಜೋಳದ ಚೀಲ ಎಳೆದುಕೊಂಡು ಬಂದು, "ಏಳಪ್ಪಾ, ಹರವಬೇಕು" ಎಂದರು. ಎದ್ದೆ. ಕೇರಿ ಮತ್ತೆ ಕಣವಾಯಿತು. ಬಾಯಿ ತುಂಬ ಜೋಳ, ಇನ್ನು ಮಾತಿಲ್ಲ.

ಬೈಕ್ ತಿರುಗಿಸುವಾಗ ಸುಣ್ಣದ ಪುಡಿ ಹಿಡಿದ ಹುಡುಗನೊಬ್ಬ ಹತ್ತಿರ ಬಂದ. ಕೊರಳಲ್ಲಿ ನೇತಾಡುತ್ತಿದ್ದ ನನ್ನ ಕ್ಯಾಮೆರಾ ನೋಡಿ, "ಪ್ರೆಸ್ಸಿನವರಾ ಸರ್? ಬರೋ ಭಾನುವಾರ ನಮ್ಮೂರ ಸ್ಪರ್ಧೆ. ಬನ್ನಿ, ಒಳ್ಳೆ ಜಾಗ ಮಾಡಿಕೊಡ್ತೀವಿ" ಎಂದ.

"ಎಲ್ಲಿ?"

"ಡೇರಿ ತಿರುವು ಸರ್. ಅಲ್ಲಿಂದ ವಿಡಿಯೊ ಭಾರಿ ಚಲೋ ಬರ್ತೈತಿ."

ನಾನು ತಿರುವನ್ನೊಮ್ಮೆ ನೋಡಿದೆ. ಬೆಳಗಿನ ಬಿಸಿಲು ನೇರ ಅಲ್ಲೇ ಬೀಳುತ್ತದೆ. ಬೆಳಕು ಚೆನ್ನಾಗಿರುತ್ತದೆ.

"ಎಷ್ಟು ಗಂಟೆಗೆ ಶುರು?" ಎಂದು ಕೇಳಿದೆ.